ಈ ಪುಟ ಇರಬಾರದು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕೈಪಿಡಿಯಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರಿಗೇ. ಅವಳಿಗೂ ಅದರಲ್ಲಿ ಬೇಸರವೇನೂ ಇರಲಿಲ್ಲ. ಕಂಪನಿ ತಯಾರಿಸುತ್ತಿದ್ದದ್ದು ಕೊಂಡಿ ಎಂಬ ಪ್ರೋಗ್ರಾಮಿಂಗ್ ಭಾಷೆ. ಆ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಕೈಪಿಡಿ ಬರೆದುಕೊಡುವುದು ಅವಳ ಕೆಲಸ. ಅದಕ್ಕೆ ಮೊದಲು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದಳು. ಅಲ್ಲಿ ಲೇಖಕರ ಹತ್ತಿರ ಜಗಳವಾಡಿ ಆಡಿ ನಾಲಿಗೆ ಮೊನಚಾಗಿತ್ತು. ಮಾತೆಂದರೆ ಕಡ್ಡಿ ಮುರಿದ ಹಾಗೆ. ಐವತ್ತಕ್ಕೆ ಹತ್ತಿರ ಬಂದಿದ್ದರೂ ಮೃದುವಾಗುವ ಲಕ್ಷಣ ಕಾಣುತ್ತಿರಲಿಲ್ಲ.

ಕೊಂಡಿಯನ್ನು ಹುಟ್ಟಿಸಿದಾತ ಇನ್ನೂ ಅದೇ ಆಫೀಸಿನಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ. ಅವನಿಗೆ ಮೂಲಪುರುಷ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಹೆಸರು ಮಾತ್ರ ಅಂಟಿಕೊಂಡಿತ್ತು. ಅರವತ್ತು ದಾಟಿದ ಮನುಷ್ಯ. ತೋಳು ಮಡಚಿದ ಅಂಗಿ, ಕಿವಿಯ ಮೇಲೊಂದು ಪೆನ್ಸಿಲು. ಮಾತು ಬಲು ಕಡಿಮೆ. ಅವನು ಮಾಡಿದ ಟೂಲ್ ಕೂಡ ಅವನಂತೆಯೇ. ಬಣ್ಣಬಣ್ಣದ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಒಂದು ಕಪ್ಪು ಕಿಟಕಿ, ಅದರಲ್ಲಿ ಮಿಟುಕುವ ಒಂದು ಗೆರೆ. ಅಲ್ಲಿ 'ಕೊಂಡಿ ಕಟ್ಟು' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಟೂಲ್ ನೀವು ಬರೆದ ಪ್ರೋಗ್ರಾಮನ್ನು ಕಟ್ಟಿಕೊಡುತ್ತದೆ. ಎಲ್ಲ ಸರಿಯಿದ್ದರೆ 'ಆಯಿತು' ಎನ್ನುತ್ತದೆ. ಸರಿಯಿಲ್ಲದಿದ್ದರೆ 'ದೋಷ ೭೧೪. ಕೈಪಿಡಿ ನೋಡಿ' ಎನ್ನುತ್ತದೆ. ಅಷ್ಟೇ. ಎಲ್ಲಿ ತಪ್ಪಾಯಿತು, ಏನು ತಪ್ಪಾಯಿತು, ಅದನ್ನೆಲ್ಲ ಹೇಳುವ ಸೌಜನ್ಯ ಅದಕ್ಕಿರಲಿಲ್ಲ.

ಬಳಸುವವರು ದೂರು ಹೇಳಿದಾಗಲೆಲ್ಲ ಮೂಲಪುರುಷನದು ಒಂದೇ ಉತ್ತರ: "ಕೈಪಿಡೀಲಿ ಹಾಕಿ." ಹೀಗೆ ಹಾಕಿ ಹಾಕಿ ಕೈಪಿಡಿ ತಲೆಗೆ ದಿಂಬಾಗಿ ಇಟ್ಟುಕೊಳ್ಳುವಷ್ಟು ದಪ್ಪವಾಗಿತ್ತು. ಕೈಪಿಡಿಯಮ್ಮ ವರ್ಷಗಟ್ಟಲೆ ಹಾಕುತ್ತಲೇ ಬಂದಿದ್ದಳು. ಸಂಬಳ ಕೊಡುವುದು ಬರೆಯುವುದಕ್ಕೆ, ಬರೆಯುತ್ತೇನೆ ಎಂಬ ಭಾವ. ಒಂದು ಭಾನುವಾರದ ತನಕ.

ಅವಳ ನಾದಿನಿ, ಅಂದರೆ ಗಂಡನ ತಂಗಿ, ಅವರ ಜೊತೆಯಲ್ಲೇ ಇದ್ದಳು. ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಒದ್ದೆ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಇಟ್ಟು, ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂದು ಎಣಿಸಿ ದಾಖಲಿಸುವುದು ಅವಳ ದಿನಚರಿ. ಆ ಲೆಕ್ಕವನ್ನು ಕೂಡಿಸಿ ಫಲಿತಾಂಶ ಕೊಡುವ ಹಳೆಯ ಪ್ರೋಗ್ರಾಮು ಕೊಂಡಿಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಬೇರೆ ಕೆಲಸ ಹಿಡಿದು ಹೋದ ಮೇಲೆ ಭಾರ ಇವಳ ತಲೆಗೆ ಬಿತ್ತು. "ನಿಮ್ಮತ್ತಿಗೆ ಆ ಕಂಪನೀಲೇ ಇದಾರಲ್ಲ" ಎಂದು ಲ್ಯಾಬಿನವರು ಅಂದಿದ್ದರಂತೆ. ಅತ್ತಿಗೆ ಅಲ್ಲಿದ್ದರೆ ನಾದಿನಿಗೆ ಪ್ರೋಗ್ರಾಮಿಂಗ್ ರಕ್ತದಲ್ಲೇ ಬರುತ್ತದೆ ಎಂಬಂತೆ.

ಆ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾದಿನಿ ಕೂತಿದ್ದಳು. ಕೈಪಿಡಿಯಮ್ಮ ಹಿತ್ತಲಿನ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು.

"ಅತ್ತಿಗೆ! ಬನ್ನಿ ಇಲ್ಲಿ!"

ಕೈಪಿಡಿಯಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಒದ್ದೆ ಕೈಯಲ್ಲೇ ಓಡಿ ಬಂದಳು. ಕಪ್ಪು ಕಿಟಕಿಯಲ್ಲಿ ನಾದಿನಿ ಟೈಪ್ ಮಾಡಿದ್ದ 'ಕೊಂಡಿ ತೊಳೆ' ಎಂಬ ಕಮಾಂಡು. ಅದರ ಕೆಳಗೆ ಟೂಲಿನ ಉತ್ತರ: 'ಆಯಿತು'.

ಪ್ರೋಗ್ರಾಮು ಕಟ್ಟುವಾಗ ಉಳಿಯುವ ಚೂರುಪಾರು ಫೈಲುಗಳನ್ನು ಗುಡಿಸಿ ಹಾಕುವುದು ಆ ಕಮಾಂಡಿನ ಕೆಲಸ. ಆದರೆ ಅದು ನಿಂತ ಫೋಲ್ಡರಿನಲ್ಲಿ ಏನಿದೆ ಎಂದು ನೋಡುವ ಪೈಕಿಯಲ್ಲ, ಇದ್ದದ್ದನ್ನೆಲ್ಲ ಅಳಿಸಿಬಿಡುತ್ತದೆ. ನಾದಿನಿ ಒಂದು ಮೆಟ್ಟಿಲು ಮೇಲಿನ ಫೋಲ್ಡರಿನಲ್ಲಿ ನಿಂತು ಅದನ್ನು ಒತ್ತಿದ್ದಳು. ಪ್ರೋಗ್ರಾಮು ಹೋಗಿತ್ತು, ಅದರ ಜೊತೆಗೆ ಆ ಹಂಗಾಮಿನ ಮೊಳಕೆ ಲೆಕ್ಕವೆಲ್ಲ ಹೋಗಿತ್ತು.

"ಕೈಪಿಡಿ ಓದಿದ್ಯಾ?" ಎಂಬ ಮಾತು ಕೈಪಿಡಿಯಮ್ಮನ ಬಾಯಿಂದ ತಾನಾಗಿಯೇ ಬಂತು.

ನಾದಿನಿ ತಲೆಯೆತ್ತಿ ನೋಡಿದಳು. ಕಣ್ಣು ಕೆಂಪಾಗಿತ್ತು, ಆದರೆ ಅಳುತ್ತಿರಲಿಲ್ಲ. "ಓದಿದೆ ಅತ್ತಿಗೆ. ಈಗ. ಎಲ್ಲಾ ಹೋದ ಮೇಲೆ. ಎಚ್ಚರಿಕೆ ಹಾಕಿದೀರ ನೀವು, ಇಲ್ಲ ಅನ್ನಲ್ಲ. ಪುಟದ ತಳದಲ್ಲಿ, ಇರುವೆ ಸಾಲಿನ ಹಾಗೆ. ಒಲೆ ಬಿಸಿ ಇದೆ ಅಂತ ಚೀಟಿ ಬರ್ದು ಬೀರು ಒಳಗೆ ಇಟ್ಟಿದೀರ."

ಕೈಪಿಡಿಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಇಷ್ಟು ದಿನ ಎಣಿಸಿದ್ದು ಹೊಳೇಲಿ ಹುಣಸೆಹಣ್ಣು ತೊಳ್ದ ಹಾಗಾಯ್ತು" ಎಂದಳು ನಾದಿನಿ. "ಕಮಾಂಡಿಗೆ ಹೆಸರೂ ತಕ್ಕ ಹಾಗೇ ಇಟ್ಟಿದಾರೆ, ನೋಡಿ."

ಬೀಜದ ಮಾದರಿಗಳು ಲ್ಯಾಬಿನ ಡಬ್ಬಿಗಳಲ್ಲಿ ಉಳಿದಿದ್ದವು. ಮತ್ತೆ ಮೊಳಕೆಗೆ ಇಟ್ಟು, ಮತ್ತೆ ಎಣಿಸಬಹುದಿತ್ತು. ನಾದಿನಿ ಮರುದಿನದಿಂದಲೇ ಅದಕ್ಕೆ ಇಳಿದಳು, ಎರಡು ಪಾಳಿ ಹಿಡಿದು. ಅವಳು ಮನೆಗೆ ಬಂದಾಗ ಬೆರಳ ತುದಿಗಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಕೈಪಿಡಿಯಮ್ಮ ಅದನ್ನು ನೋಡುತ್ತಿದ್ದಳು.

ಅದರ ಮುಂದಿನ ವಾರದ ಸಭೆಯಲ್ಲಿ ಅವಳು ವಿಷಯ ಎತ್ತಿದಳು. ಗಾಜಿನ ಗೋಡೆಯ ಕೋಣೆ, ಒಂದು ಕಾಲು ಕುಂಟುವ ಮೇಜು. ಮ್ಯಾನೇಜರ್ ಮೇಡಂ ಒಂದು ತುದಿಯಲ್ಲಿ, ಮೂಲಪುರುಷ ಇನ್ನೊಂದು ತುದಿಯಲ್ಲಿ. ನಡುವೆ ಟೆಸ್ಟರ್. ಅವನಿಗೆ ಕುರ್ಚಿ, ಏಸಿ, ಲಿಫ್ಟು, ಕಾಫಿ ಯಂತ್ರ, ಯಾವುದೂ ಆಗದು. ಎಲ್ಲದಕ್ಕೂ ಗೊಣಗುತ್ತಿದ್ದುದರಿಂದ ಅವನ ಹೆಸರು ಗೊಣಗಣ್ಣ.

ಕೈಪಿಡಿಯಮ್ಮ ನಡೆದದ್ದನ್ನು ಹೇಳಿದಳು. ಮೂಲಪುರುಷ ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಇಟ್ಟುಕೊಂಡ.

"ಎಚ್ಚರಿಕೆ ದಪ್ಪಕ್ಷರದಲ್ಲಿ ಹಾಕಿ" ಎಂದ.

"ಹಾಕಲ್ಲ."

ಮ್ಯಾನೇಜರ್ ಮೇಡಂ ತನ್ನ ಫೋನಿನಿಂದ ಕಣ್ಣೆತ್ತಿದಳು. "ಏನಂದ್ರಿ?"

"ಹಾಕಲ್ಲ ಅಂದೆ ಮೇಡಂ. ಬರೆಯಲ್ಲ. ಟೂಲ್ ಬಾಯಿ ಬಿಟ್ಟು ಹೇಳಬೇಕಾದ್ದನ್ನ ನಾನು ಪುಸ್ತಕದಲ್ಲಿ ಹೂತಿಡ್ತಾ ಬಂದಿದೀನಿ. ಇನ್ನು ಆಗಲ್ಲ."

"ಗೊತ್ತಿಲ್ಲದೋರು ಕಲೀಲಿ" ಎಂದ ಮೂಲಪುರುಷ. "ನಾವೆಲ್ಲ ಕಲಿತಿಲ್ವಾ?"

"ಕಲೀತಾರೆ ಸಾರ್. ಕಲಿಸೋ ಮುಂಚೆ ಕೈ ಕಡಿಯೋದು ಯಾವ ಪಾಠ?"

ಅವನು ಮಡಚಿದ ತೋಳನ್ನು ಇನ್ನೊಂದು ಸುತ್ತು ಮಡಚಿದ. ಆಮೇಲೆ, ಅವನ ಲೆಕ್ಕದಲ್ಲಿ ಭಾಷಣವೇ ಎನ್ನಬಹುದಾದಷ್ಟು ಮಾತಾಡಿದ. "ಇದನ್ನ ಬರೆದಾಗ ಮೆಷಿನಲ್ಲಿ ಜಾಗ ಇರಲಿಲ್ಲ. ಒಂದೊಂದು ಅಕ್ಷರಕ್ಕೂ ನಾನು ಇನ್ನೊಂದನ್ನ ಕಿತ್ತು ಹಾಕ್ತಿದ್ದೆ. ಸಂದೇಶ ಚಿಕ್ಕದಿರೋದು ಸೊಕ್ಕಿಂದಲ್ಲ. ಆ ಚಿಕ್ಕತನದಲ್ಲೇ ಇದು ಇಷ್ಟು ವರ್ಷ ಬದುಕಿದೆ."

ಅದು ನಿಜವೆಂದು ಕೈಪಿಡಿಯಮ್ಮನಿಗೆ ಅನಿಸಿತು. ಆ ಮನುಷ್ಯ ಸುಳ್ಳು ಹೇಳುವವನಲ್ಲ. ಆದರೂ ಅವಳು ಬಿಡಲಿಲ್ಲ.

"ಆಗ ಜಾಗ ಇರಲಿಲ್ಲ, ಒಪ್ಪಿದೆ. ಈಗ ಇದೆಯಲ್ಲ?"

ಮೂಲಪುರುಷ ಎದ್ದು ಹೋದ. ಸಭೆ ಅಲ್ಲಿಗೆ ಮುಗಿಯಿತು.

ಹೊಸ ಆವೃತ್ತಿ ಬಿಡುಗಡೆಯಾಗುವುದರಲ್ಲಿತ್ತು. ಅದರ ಜೊತೆ ಹೊಸ ಕೈಪಿಡಿಯೂ ಹೋಗಬೇಕು. ಮ್ಯಾನೇಜರ್ ಮೇಡಂ ದಿನಾ ಬಂದು ಕೇಳುತ್ತಿದ್ದಳು, "ದೋಷಗಳ ಅಧ್ಯಾಯ ಎಲ್ಲಿಗೆ ಬಂತು?" ಕೈಪಿಡಿಯಮ್ಮ "ಬರ್ತಿದೆ" ಎನ್ನುತ್ತಿದ್ದಳು. ಬರುತ್ತಲೂ ಇತ್ತು. ಅವಳು ಹಿಂದೆಂದೂ ಕೆಲಸ ಮಾಡದಷ್ಟು ಕೆಲಸ ಮಾಡುತ್ತಿದ್ದಳು. ಒಂದೊಂದು ದೋಷವನ್ನೂ ತಾನೇ ಬೇಕೆಂದು ಹುಟ್ಟಿಸಿ, ಆ ಕಪ್ಪು ಕಿಟಕಿಯ ಮುಂದೆ ಏನೂ ತಿಳಿಯದವಳಂತೆ ಕೂತು, ಆ ಗಳಿಗೆಯಲ್ಲಿ ತನಗೆ ಏನು ಹೇಳಿದ್ದರೆ ದಾರಿ ಕಾಣುತ್ತಿತ್ತು ಎಂದು ಯೋಚಿಸಿ, ಅದನ್ನು ಬರೆದಿಡುತ್ತಿದ್ದಳು. ಕೆಲವು ವಾಕ್ಯಗಳನ್ನು ಮನೆಗೆ ಒಯ್ದು ನಾದಿನಿಗೆ ಓದಿ ಹೇಳುತ್ತಿದ್ದಳು. ನಾದಿನಿ ಮೂಗು ಮುರಿದರೆ ಹರಿದು ಹಾಕಿ ಮತ್ತೆ ಬರೆಯುತ್ತಿದ್ದಳು.

ಕೊನೆಗೆ ಅಧ್ಯಾಯ ಮ್ಯಾನೇಜರ್ ಮೇಡಂ ಕೈಗೆ ಬಂತು. ಅದರಲ್ಲಿ ಪ್ರತಿ ಪುಟವೂ ಒಂದೇ ರೀತಿ ಶುರುವಾಗುತ್ತಿತ್ತು.

'ದೋಷ ೭೧೪. ಈ ಪುಟ ಇರಬಾರದು. ಟೂಲ್ ತಾನೇ ಹೀಗೆ ಹೇಳಬೇಕು: ಹನ್ನೆರಡನೇ ಸಾಲಿನಲ್ಲಿ ಬ್ರ್ಯಾಕೆಟ್ ತೆರೆದಿದ್ದೀರಿ, ಮುಚ್ಚಿಲ್ಲ. ಸಾಲಿನ ಕೊನೆಯಲ್ಲಿ ಮುಚ್ಚಿದರೆ ಸರಿಹೋಗಬಹುದು.'

'ದೋಷ ೭೧೫. ಈ ಪುಟ ಇರಬಾರದು. ಟೂಲ್ ತಾನೇ ಹೀಗೆ ಹೇಳಬೇಕು: "ಮೊತ" ಎಂಬ ಹೆಸರು ಎಲ್ಲೂ ಸಿಗಲಿಲ್ಲ. "ಮೊತ್ತ" ಎಂದು ಬರೆಯಲು ಹೋಗಿದ್ದಿರಾ?'

ಹೀಗೆ ನಾನೂರು ಪುಟ.

ಮ್ಯಾನೇಜರ್ ಮೇಡಂ ಅವಳನ್ನು ಒಳಗೆ ಕರೆದಳು. ಕೆಟ್ಟ ಹೆಂಗಸೇನಲ್ಲ. ಮೇಲಿನವರ ಒತ್ತಡ, ಕೆಳಗಿನವರ ಗೊಣಗಾಟ, ಎರಡರ ನಡುವೆ ಅರೆದು ಹೋಗುತ್ತಿದ್ದವಳು.

"ಇದು ಹೇಳಿದ ಕೆಲಸ ಮಾಡಲ್ಲ ಅಂದ ಹಾಗಾಗುತ್ತೆ. ಗೊತ್ತಲ್ವಾ?"

"ಗೊತ್ತು ಮೇಡಂ."

"ಮೇಲಿನೋರು ಕೇಳಿದ್ರೆ ನಾನು ಏನು ಹೇಳಲಿ?"

"ಕೈಪಿಡಿಯಮ್ಮ ಬರೆಯಲ್ಲ ಅಂತಿದಾಳೆ ಅನ್ನಿ. ಸುಳ್ಳೇನಲ್ಲವಲ್ಲ."

ಕೆಲಸ ಹೋದೀತು ಎಂಬ ಭಯ ಅವಳಿಗೆ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಆ ವಾರ ಅವಳಿಗೆ ಊಟ ರುಚಿಸಲಿಲ್ಲ. ಗಂಡ ಏನಾಯಿತೆಂದು ಕೇಳಿದಾಗ ಹಲ್ಲುನೋವು ಎಂದಳು. ಆದರೆ ಪ್ರತಿ ಬೆಳಿಗ್ಗೆ ಲಿಫ್ಟಿನ ಕನ್ನಡಿಯಲ್ಲಿ ಮುಖ ನೋಡಿಕೊಂಡಾಗ, ಇಲ್ಲ, ಬರೆಯಲ್ಲ ಎಂದೇ ಅನಿಸುತ್ತಿತ್ತು.

ಒಂದು ಮಧ್ಯಾಹ್ನ ಗೊಣಗಣ್ಣ ಅವಳ ಮೇಜಿನ ಹತ್ತಿರ ಬಂದು ನಿಂತ. ಕೈಯಲ್ಲಿ ಆ ನಾನೂರು ಪುಟ.

"ಈ ಕಾಗದದ ಅಂಚು ಬೆರಳು ಕುಯ್ಯುತ್ತೆ" ಎಂದು ಶುರು ಮಾಡಿದ. "ನಿಮ್ಮ ಅಕ್ಷರ ಸಣ್ಣದು. ಕಣ್ಣುರಿ. ಪೂರ್ತಿ ಓದಿದೆ."

"ಓದಿ?"

"ಇದನ್ನೆಲ್ಲ ಟೂಲ್ ಒಳಗೆ ಹಾಕೋಕೆ ಎಷ್ಟು ಕಷ್ಟ ಗೊತ್ತಾ ನಿಮಗೆ?"

"ಎಷ್ಟು?"

"ಏನೂ ಇಲ್ಲ. ಅದಕ್ಕೇ ಸಿಟ್ಟು ಬರ್ತಿರೋದು." ಅವನು ಪುಟಗಳನ್ನು ಮೇಜಿನ ಮೇಲೆ ಕುಕ್ಕಿದ. "ಯಾವ ಸಾಲಲ್ಲಿ ತಪ್ಪಿದೆ ಅಂತ ಟೂಲಿಗೆ ಗೊತ್ತು. ಯಾವ ಹೆಸರು ಹತ್ತಿರ ಇದೆ ಅಂತಾನೂ ಗೊತ್ತು. ಎಲ್ಲಾ ಗೊತ್ತಿದ್ದು ನಂಬರ್ ಮಾತ್ರ ಹೇಳಿ ಬಾಯಿ ಮುಚ್ಕೊಳುತ್ತೆ. ಇಷ್ಟು ವರ್ಷ ಟೆಸ್ಟ್ ಮಾಡಿದೀನಿ, ನನಗೇ ಇದು ತಪ್ಪು ಅಂತ ಹೊಳೀಲಿಲ್ಲ. ಥೂ."

ಬಿಡುಗಡೆಗೆ ಮೊದಲು ಹೊರಬರುವ ಪರೀಕ್ಷಾ ಆವೃತ್ತಿಯ ಹೊಣೆ ಗೊಣಗಣ್ಣನದು. ಅದರಲ್ಲಿ ಏನು ಹಾಕಿದೆ, ಏನು ಬಿಟ್ಟೆ ಎಂದು ಅವನನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಮೂಲಪುರುಷ ಪರೀಕ್ಷಾ ಆವೃತ್ತಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇಬ್ಬರೂ ಅಕ್ಕಪಕ್ಕ ಕೂತು ವಾಕ್ಯಗಳನ್ನು ಒಂದೊಂದಾಗಿ ಟೂಲಿನೊಳಗೆ ಇಳಿಸಿದರು. ಗೊಣಗಣ್ಣ ಬೈಯುತ್ತಾ ಟೈಪ್ ಮಾಡುತ್ತಿದ್ದ, ಕೈಪಿಡಿಯಮ್ಮ ಪಕ್ಕದಿಂದ ಅಲ್ಪವಿರಾಮ ತಿದ್ದುತ್ತಿದ್ದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಆವೃತ್ತಿ ಹೊರಗೆ ಹೋಯಿತು. ಬಳಕೆದಾರರ ಪತ್ರಗಳು ಬಂದವು. ಅವುಗಳಲ್ಲಿ ಒಂದನ್ನು ಕೈಪಿಡಿಯಮ್ಮ ಗೊಣಗಣ್ಣನಿಗೆ ಗಟ್ಟಿಯಾಗಿ ಓದಿದಳು: 'ಮೊದಲ ಸಲ ಈ ಟೂಲ್ ನನ್ನನ್ನು ಮನುಷ್ಯರನ್ನು ಮಾತಾಡಿಸುವ ಹಾಗೆ ಮಾತಾಡಿಸಿತು.' ಗೊಣಗಣ್ಣ ಅದಕ್ಕೂ ಗೊಣಗಿದ, ಆದರೆ ಕಿವಿ ಕೆಂಪಾಗಿತ್ತು.

ಖುಷಿ ಬಹಳ ದಿನ ಬಾಳಲಿಲ್ಲ.

ಒಂದು ಬೆಳಿಗ್ಗೆ ಮೂಲಪುರುಷ ನೇರವಾಗಿ ಅವಳ ಮೇಜಿಗೆ ಬಂದ. ಅವನು ತನ್ನ ಕುರ್ಚಿ ಬಿಟ್ಟು ಬೇರೆಯವರ ಮೇಜಿಗೆ ಹೋಗಿದ್ದನ್ನು ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ. ಟೈಪ್ ಮಾಡುತ್ತಿದ್ದ ಬೆರಳುಗಳೆಲ್ಲ ನಿಂತವು.

"ಒಂದು ಚಪ್ಪಲಿ ಫ್ಯಾಕ್ಟರಿ" ಎಂದ. "ಡಬ್ಬಿ ಮೇಲೆ ಅಳತೆ ಚೀಟಿ ಅಂಟಿಸೋಕೆ ನಮ್ಮ ಟೂಲ್ ಬಳಸ್ತಾರೆ. ನಿನ್ನೆಯಿಂದ ಅವರ ಎಲ್ಲಾ ಡಬ್ಬಿ ಮೇಲೂ ಏಳು ಅಂತ ಬಿದ್ದಿದೆ. ಮಕ್ಕಳ ಚಪ್ಪಲಿಗೂ ಏಳು, ಆನೆಪಾದದವರಿಗೂ ಏಳು."

ನಡೆದದ್ದು ಹೀಗೆ. ಫ್ಯಾಕ್ಟರಿಯವರು ದಿನಾ ಬೆಳಿಗ್ಗೆ ಚೀಟಿ ಮುದ್ರಿಸುವ ಪ್ರೋಗ್ರಾಮನ್ನು ಹೊಸದಾಗಿ ಕಟ್ಟುತ್ತಿದ್ದರು. ಕಟ್ಟುವುದು ಕೈಕೊಟ್ಟರೆ ಮುದ್ರಣ ನಿಲ್ಲಿಸಲು ತಾನಾಗಿ ಓಡುವ ಒಂದು ಪುಟ್ಟ ಸ್ಕ್ರಿಪ್ಟು ಬರೆದಿಟ್ಟಿದ್ದರು. ಟೂಲಿನ ಉತ್ತರ 'ದೋಷ' ಎಂಬ ಪದದಿಂದ ಶುರುವಾದರೆ ಆ ಸ್ಕ್ರಿಪ್ಟು ಎಲ್ಲವನ್ನೂ ನಿಲ್ಲಿಸುತ್ತಿತ್ತು. ಹೊಸ ಆವೃತ್ತಿಯಲ್ಲಿ ಉತ್ತರ ಶುರುವಾಗುತ್ತಿದ್ದದ್ದು 'ಹನ್ನೆರಡನೇ ಸಾಲಿನಲ್ಲಿ' ಎಂದು. ಒಂದು ಬೆಳಿಗ್ಗೆ ಕಟ್ಟುವುದು ಕೈಕೊಟ್ಟಿತು, ಆದರೆ ಸ್ಕ್ರಿಪ್ಟಿಗೆ 'ದೋಷ' ಕಾಣಲಿಲ್ಲ. ಎಲ್ಲ ಚೆನ್ನಾಗಿದೆ ಎಂದುಕೊಂಡು, ಹಿಂದಿನ ದಿನ ಕೊನೆಯಲ್ಲಿ ಉಳಿದಿದ್ದ ಅಳತೆಯನ್ನೇ ದಿನವಿಡೀ ಮುದ್ರಿಸಿತು.

"ಪರೀಕ್ಷಾ ಆವೃತ್ತಿನ ನಿಜವಾದ ಕೆಲಸಕ್ಕೆ ಹಾಕ್ಕೊಳ್ಳಿ ಅಂತ ಅವರಿಗೆ ಹೇಳಿದೋರು ಯಾರು?" ಎಂದು ಗೊಣಗಣ್ಣ ರೇಗಿದ.

"ಯಾರೂ ಇಲ್ಲ" ಎಂದ ಮೂಲಪುರುಷ. "ಆದ್ರೆ ಹಾಕ್ಕೊಂಡ್ರು. ಅದಕ್ಕೇ ನಾನು ಒಂದಕ್ಷರನೂ ಬದಲಾಯಿಸ್ತಿರಲಿಲ್ಲ." ಅವನ ದನಿಯಲ್ಲಿ ಗೆದ್ದ ಸೊಕ್ಕಿಗಿಂತ ದಣಿವೇ ಹೆಚ್ಚಾಗಿತ್ತು. ಅದು ಅವಳಿಗೆ ಇನ್ನಷ್ಟು ಚುಚ್ಚಿತು.

ಮಧ್ಯಾಹ್ನವೇ ಸಭೆ. ಮ್ಯಾನೇಜರ್ ಮೇಡಂ ಮುಖ ಸುಣ್ಣದ ಹಾಗಿತ್ತು. "ಎಲ್ಲಾ ಹಳೇ ಹಾಗೆ ಮಾಡಿ. ಹೊಸ ವಾಕ್ಯ ಒಂದೂ ಬೇಡ. ನೀವು ಕೈಪಿಡಿ ಬರೀರಿ, ನೀವು ಟೆಸ್ಟ್ ಮಾಡಿ. ಇಬ್ಬರೂ ಟೂಲ್ ಕಡೆ ಕೈ ಹಾಕಬೇಡಿ."

"ತಪ್ಪಾಗಿದೆ" ಎಂದಳು ಕೈಪಿಡಿಯಮ್ಮ. "ಮನುಷ್ಯರು ಓದೋದನ್ನ ಮೆಷಿನ್ನುಗಳೂ ಓದ್ತಿರ್ತವೆ ಅಂತ ನಾನು ಯೋಚನೆ ಮಾಡ್ಲಿಲ್ಲ. ಅದು ನನ್ನ ತಪ್ಪು. ಆದ್ರೆ ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋಕೆ ಆಗಲ್ಲ ಮೇಡಂ. ನಾಳೆ ತನಕ ಟೈಮ್ ಕೊಡಿ."

"ನಾಳೆ ಏನಾಗುತ್ತೆ?"

"ಗೊತ್ತಿಲ್ಲ. ಮೊದಲು ಆ ಫ್ಯಾಕ್ಟರಿಯೋರ ಹತ್ರ ಮಾತಾಡ್ತೀನಿ."

ಅವಳು ಮೆಟ್ಟಿಲ ಬಳಿ ನಿಂತು ಫೋನ್ ಮಾಡಿದಳು. ಆ ಕಡೆ ಫೋನ್ ಎತ್ತಿದ್ದು ಒಬ್ಬ ಹೆಂಗಸು, ಆ ಸ್ಕ್ರಿಪ್ಟು ಬರೆದವಳೇ. ಹಿಂದೆ ಯಂತ್ರಗಳ ಗಡಗಡ ಸದ್ದು.

"ಸಾರಿ ಹೇಳೋಕೆ ಫೋನ್ ಮಾಡಿದ್ರಾ?" ಎಂದು ಆ ಹೆಂಗಸು ಕಿರುಚಿದಳು. ಸಿಟ್ಟಿಗೋ ಸದ್ದಿಗೋ ತಿಳಿಯುವಂತಿರಲಿಲ್ಲ.

"ಹೌದು. ಆ ವಾಕ್ಯ ಬರೆದೋಳು ನಾನೇ. ಕ್ಷಮಿಸಿ."

"ಇಲ್ಲಿ ಹತ್ತು ಜನ ಕೂತು ಚೀಟಿ ಕೆರೀತಿದಾರೆ. ಬೆಳಗಿಂದ!"

"ಹಳೇ ಹಾಗೇ ಮಾಡಿಕೊಡಿ ಅಂತ ನೀವು ಅಂದ್ರೆ ಮಾಡ್ತೀವಿ. ಇಷ್ಟ ಇಲ್ಲ, ಆದ್ರೂ ಮಾಡ್ತೀವಿ."

"ಹಳೇದಾ? ಯಾಕೆ?" ಎಂದಳು ಆ ಹೆಂಗಸು. "ಅಮ್ಮಾ, ಆ 'ದೋಷ' ಅನ್ನೋದನ್ನ ಹುಡುಕೋ ಸ್ಕ್ರಿಪ್ಟು ನಾನೇನು ಸುಖಕ್ಕೆ ಬರ್ದೆನಾ? ನಿಮ್ಮ ಟೂಲ್ ಬೇರೆ ಏನೂ ಹೇಳ್ತಿರಲಿಲ್ಲ, ಅದಕ್ಕೆ ಬರ್ದೆ. ಈ ಏಳರ ಕಾಟ ಯಾಕೆ ಅಂತ ಇವತ್ತು ಬೆಳಿಗ್ಗೆ ಹುಡುಕಿದ್ನಲ್ಲ, ನಿಮ್ಮ ಹೊಸ ವಾಕ್ಯ ಓದಿ ಕಾಫಿ ಆರೋದ್ರಲ್ಲಿ ಸಿಕ್ತು. ಮೊದಲಾಗಿದ್ರೆ ಇಡೀ ದಿನ ಹೋಗ್ತಿತ್ತು. ನನಗೆ ಹಳೇದು ಬೇಡ. ನನ್ನ ಸ್ಕ್ರಿಪ್ಟು ಮೂಕಪ್ರಾಣಿ, ಅದಕ್ಕೊಂದು ಸಾಲು ಹಳೇ ಹಾಗೇ ಕೊಡಿ. ಉಳಿದದ್ದು ನನಗೆ ಕೊಡಿ."

"ಇದನ್ನೇ ಬರೆದು ಕಳಿಸ್ತೀರಾ? ನಮ್ಮ ಮ್ಯಾನೇಜರಿಗೆ?"

"ಕಳಿಸ್ತೀನಿ. ಬೈಗುಳ ಸೇರಿಸಿ ಕಳಿಸ್ತೀನಿ."

ಸಂಜೆ ಮನೆಯಲ್ಲಿ ಅವಳು ನಾದಿನಿಗೆ ಎಲ್ಲವನ್ನೂ ಹೇಳಿದಳು. ಉಳಿದ ಒಂದು ಗಂಟು ಎಂದರೆ ಆ ತೊಳೆ ಕಮಾಂಡು. ನಾಳೆಯ ಸಭೆಯಲ್ಲಿ ಅದನ್ನೂ ಇಟ್ಟೇ ಬಿಡುವುದೆಂದು ಅವಳು ನಿರ್ಧರಿಸಿದ್ದಳು. "ಅಳಿಸೋ ಮುಂಚೆ 'ಖಂಡಿತಾನಾ?' ಅಂತ ಕೇಳಲಿ ಅಂತೀನಿ."

ನಾದಿನಿ ಬಟ್ಟೆ ಮಡಚುತ್ತಿದ್ದವಳು ತಲೆಯಾಡಿಸಿದಳು. "ಬೇಡ ಅತ್ತಿಗೆ."

"ಬೇಡ್ವಾ? ನೀನೇ ತಾನೆ ಅನುಭವಿಸಿದ್ದು?"

"ಅದಕ್ಕೇ ಹೇಳ್ತಿರೋದು. ಕೇಳಿದ್ರೂ ನಾನು 'ಹೌದು' ಅಂತಾನೇ ಒತ್ತಿರ್ತಿದ್ದೆ. ನಾನು ಸರಿಯಾಗೇ ಮಾಡ್ತಿದೀನಿ ಅಂದ್ಕೊಂಡಿದ್ದೆನಲ್ಲ! ದಿನಾ ಕೇಳಿದ್ರೆ ಯಾರೂ ಓದಲ್ಲ. ಒತ್ತುತಾರೆ ಅಷ್ಟೇ. ಬಿಸಾಡೋ ಬದಲು ಒಂದು ಬುಟ್ಟೀಲಿ ಹಾಕಿಡಲಿ. ಏನು ಹಾಕಿದೆ, ವಾಪಸ್ ತಗೊಳ್ಳೋದು ಹೇಗೆ ಅಂತ ಹೇಳಲಿ. ತಪ್ಪಾಗಿದ್ದು ಆಮೇಲೆ ತಾನೇ ಗೊತ್ತಾಗೋದು?"

ಕೈಪಿಡಿಯಮ್ಮ ಅವಳನ್ನೇ ನೋಡುತ್ತಾ ಕೂತಳು. "ನಿನ್ನನ್ನ ಆ ಬೀಜದ ಲ್ಯಾಬಲ್ಲಿ ಕೂರಿಸಿದೋರು ಯಾರೇ?"

"ನಿಮ್ಮ ಗಂಡ. ಅರ್ಜಿ ತಂದುಕೊಟ್ಟಿದ್ದು ಅವನೇ" ಎಂದು ನಾದಿನಿ ನಕ್ಕಳು. ಆ ಭಾನುವಾರದ ನಂತರ ಅವಳು ನಕ್ಕಿದ್ದು ಅದೇ ಮೊದಲು.

ಮರುದಿನದ ಸಭೆಗೆ ಕೈಪಿಡಿಯಮ್ಮ ಬರಿಗೈಯಲ್ಲಿ ಹೋದಳು. ಫ್ಯಾಕ್ಟರಿಯ ಪತ್ರ ಅಷ್ಟರಲ್ಲಿ ಮ್ಯಾನೇಜರ್ ಮೇಡಂ ಫೋನಿಗೆ ಬಂದಾಗಿತ್ತು, ಬೈಗುಳ ಸಮೇತ.

"ಟೂಲಿಗೆ ಎರಡು ಬಾಯಿ ಇರಲಿ" ಎಂದಳು ಕೈಪಿಡಿಯಮ್ಮ. "ಸ್ಕ್ರಿಪ್ಟು ಕೇಳಿದ್ರೆ ಹಳೇ ಸಾಲು, ಹಳೇ ನಂಬರು, ಒಂದಕ್ಷರ ಆಚೀಚೆ ಆಗಲ್ಲ. ಮನುಷ್ಯರು ಸ್ಕ್ರೀನ್ ಮುಂದೆ ಕೂತಿದ್ರೆ ಮನುಷ್ಯರ ಮಾತು. ಯಾರು ಕೇಳ್ತಿದಾರೆ ಅಂತ ಟೂಲಿಗೆ ಗೊತ್ತಾಗುತ್ತೆ, ಅಲ್ವಾ ಗೊಣಗಣ್ಣ?"

"ಗೊತ್ತಾಗುತ್ತೆ" ಎಂದ ಗೊಣಗಣ್ಣ. "ಕೆಲಸ ಇದೆ, ಕುರ್ಚಿ ಸರಿ ಇಲ್ಲ, ಆದ್ರೂ ಆಗುತ್ತೆ."

ಆಮೇಲೆ ಅವಳು ತೊಳೆ ಕಮಾಂಡಿನ ಬುಟ್ಟಿಯ ವಿಷಯ ಹೇಳಿದಳು. ಮೂಲಪುರುಷ ಇಷ್ಟು ಹೊತ್ತು ಮೇಜಿನ ಮೇಲೆ ಪೆನ್ಸಿಲು ಉರುಳಿಸುತ್ತಿದ್ದವನು ನಿಲ್ಲಿಸಿದ.

"ತೊಳೆ ಅಂದ್ರೆ ತೊಳೆಯೋದು. ಹೇಳಿದ್ದನ್ನ ಹೇಳಿದ ಹಾಗೆ ಮಾಡೋದೇ ಟೂಲಿನ ಮರ್ಯಾದೆ. ಇದು ನಾನು ಮಾಡಿದ ಭಾಷೆ."

"ನಿಮ್ಮದೇ ಸಾರ್" ಎಂದಳು ಕೈಪಿಡಿಯಮ್ಮ. ದನಿ ಏರಲಿಲ್ಲ. "ಹುಟ್ಟಿಸಿದೋರು ನೀವು. ಆದ್ರೆ ಆಡೋರು ನಾವು. ಆಡೋರ ಬಾಯಲ್ಲಿ ಭಾಷೆ ಬದಲಾಗುತ್ತೆ, ಅದನ್ನ ತಡೆಯೋಕೆ ಹುಟ್ಟಿಸಿದೋರ ಕೈಲೂ ಆಗಲ್ಲ. ನನ್ನನ್ನ ತೆಗೆದು ಹಾಕಿ ಬೇಕಾದ್ರೆ. ಇನ್ನೊಬ್ಬರನ್ನ ತನ್ನಿ. ಅವರೂ ನಾಕು ದಿನ ಬರೆದು, ಐದನೇ ದಿನ ಬರೆಯಲ್ಲ ಅಂತಾರೆ."

ಮ್ಯಾನೇಜರ್ ಮೇಡಂ ಫೋನಿನಲ್ಲಿದ್ದ ಪತ್ರವನ್ನು ಇನ್ನೊಮ್ಮೆ ಓದಿದಳು. ಕೊನೆಗೆ ನಿಟ್ಟುಸಿರು ಬಿಟ್ಟು, "ಗಿರಾಕಿನೇ ಕೇಳ್ತಿದಾರೆ" ಎಂದಳು. "ಬಿಡುಗಡೆ ಮುಂದಕ್ಕೆ ಹಾಕ್ತೀನಿ. ಎರಡು ಬಾಯಿನೂ ಮಾಡಿ, ಬುಟ್ಟಿನೂ ಮಾಡಿ." ಮೂಲಪುರುಷನ ಕಡೆ ತಿರುಗಿದಳು. "ಸಾರ್?"

"ನಿಮ್ಮಿಷ್ಟ" ಎಂದ ಅವನು. "ನನ್ನ ಮೆಷಿನಲ್ಲಿ ಹಳೇದೇ ಇರುತ್ತೆ."

"ಇರಲಿ ಸಾರ್" ಎಂದಳು ಕೈಪಿಡಿಯಮ್ಮ. "ಅದಕ್ಕೆ ಹಳೇ ಕೈಪಿಡಿನೂ ಇದೆ."

ಗೆಲುವು ಪುಕ್ಕಟೆಯಾಗಿ ಬರಲಿಲ್ಲ. ಹೇಳಿದ ಕೆಲಸ ಮಾಡದ್ದಕ್ಕೆ, ಅಪ್ಪಣೆಯಿಲ್ಲದೆ ಟೂಲ್ ಬದಲಿಸಿದ್ದಕ್ಕೆ ಮೇಲಿನವರಿಂದ ಅವಳಿಗೊಂದು ಎಚ್ಚರಿಕೆ ಪತ್ರ ಬಂತು. ಓದಿ ಒಪ್ಪಿದ್ದೇನೆ ಎಂದು ಕೆಳಗೆ ಸಹಿ ಹಾಕಬೇಕಿತ್ತು. ಅವಳು ಕರಡು ತಿದ್ದುವ ಕೆಂಪು ಪೆನ್ನಿನಲ್ಲಿ 'ಓದಿ ಒಪ್ಪಿದ್ದೇನೆ' ಎಂಬುದನ್ನು ಹೊಡೆದು, ಮೇಲೆ 'ಓದಿದೆ, ಒಪ್ಪಿಲ್ಲ' ಎಂದು ಬರೆದು ಸಹಿ ಹಾಕಿ ಕೊಟ್ಟಳು. ಮ್ಯಾನೇಜರ್ ಮೇಡಂ ಅದನ್ನು ನೋಡಿ ಫೈಲಿಗೆ ಸೇರಿಸಿದಳು. ಗೊಣಗಣ್ಣನಿಗೂ ಅಂಥದ್ದೇ ಪತ್ರ ಬಂದಿತ್ತು. ಅವನು ಸಹಿ ಹಾಕಿದ, ಆದರೆ ಪತ್ರದಲ್ಲಿ ಎರಡು ಕಾಗುಣಿತ ತಪ್ಪಿವೆ ಎಂದು ಮೇಲಿನವರಿಗೆ ದೂರು ಕೊಟ್ಟ.

ಹೊಸ ಆವೃತ್ತಿ ಹೊರಬಂತು. ಕೈಪಿಡಿಯಲ್ಲಿ ದೋಷಗಳ ಅಧ್ಯಾಯ ಇರಲಿಲ್ಲ.

ಅದಾದ ಮೇಲೆ ಆಫೀಸಿನಲ್ಲಿ ಕೆಲವರು ಅವಳ ಜೊತೆ ಮಾತು ಬಿಟ್ಟರು. ಹಳೆಯ ಪ್ರೋಗ್ರಾಮರುಗಳಿಗೆ ಟೂಲ್ ಬಾಯಿಬಡುಕಿಯಾಗಿದೆ ಎಂಬ ಸಿಟ್ಟು. ಊಟದ ಕೋಣೆಯಲ್ಲಿ ಅವಳು ಕೂತ ಮೇಜಿಗೆ ಅವರು ಬರುತ್ತಿರಲಿಲ್ಲ. ಅವಳು ತನ್ನ ಡಬ್ಬಿ ಬಿಚ್ಚಿಕೊಂಡು, ಅವರ ಕಡೆಗೇ ಮುಖ ಮಾಡಿ ಕೂತು, ನಿಧಾನವಾಗಿ ಊಟ ಮಾಡುತ್ತಿದ್ದಳು.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ಬೆಳಿಗ್ಗೆ ಮೂಲಪುರುಷ ಮತ್ತೆ ಅವಳ ಮೇಜಿನ ಬಳಿ ಬಂದು ನಿಂತ. ಅವನು ಒಂದು ಹೊಸ ಕಮಾಂಡು ಬರೆಯುತ್ತಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಎರಡು ಕಂಪ್ಯೂಟರುಗಳಲ್ಲಿ ಬೇರೆಬೇರೆಯಾಗಿ ತಿದ್ದಿದ ಒಂದೇ ಪ್ರೋಗ್ರಾಮನ್ನು ಬೆಸೆಯುವ ಕಮಾಂಡು. ಅವನು ಒಂದು ಚೀಟಿಯನ್ನು ಅವಳ ಮುಂದಿಟ್ಟ. ಪೆನ್ಸಿಲಿನಲ್ಲಿ ಬರೆದಿತ್ತು: 'ಬೆಸೆಯಲಾಗಲಿಲ್ಲ. ಎರಡು ಕಡೆ ಬದಲಾಗಿದೆ.'

"ನಂಬರ್ ಹಾಕಿಲ್ಲ" ಎಂದ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. "ಸಾಲದು ಸಾರ್."

"ಏನು ಸಾಲದು?"

"ಯಾವ ಫೈಲು? ಯಾವ ಎರಡು ಕಡೆ? ನಾನೀಗ ಏನು ಮಾಡಲಿ?"

"ಇಷ್ಟು ಹೇಳಿದ್ರೆ ಅರ್ಥ ಆಗಲ್ವಾ?"

"ನಿಮಗೆ ಆಗುತ್ತೆ."

ಅವನ ಹುಬ್ಬು ಗಂಟಿಕ್ಕಿತು. ಅವಳು ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವನ ಕಡೆ ತಳ್ಳಿದಳು. ಅವನು ಕೂರಲಿಲ್ಲ, ಹೋಗಲೂ ಇಲ್ಲ. ಕಿವಿಯ ಮೇಲಿನ ಪೆನ್ಸಿಲು ತೆಗೆದು, ಬಗ್ಗಿ, ಚೀಟಿಯ ಮೇಲೆ ಒಂದು ಪದ ಸೇರಿಸಿದ. ಅವಳು ಕೆಂಪು ಪೆನ್ನಿನಲ್ಲಿ ಇನ್ನೆರಡು ಸೇರಿಸಿದಳು. ಅವನು ಅವುಗಳಲ್ಲಿ ಒಂದನ್ನು ಹೊಡೆದ. ಅವಳು ಅದನ್ನು ಮತ್ತೆ ಬರೆದಳು, ಈ ಸಲ ಕೆಳಗೆ ಗೆರೆ ಎಳೆದು.

"ಹಠಮಾರಿ" ಎಂದ ಮೂಲಪುರುಷ.

"ಹೌದು ಸಾರ್" ಎಂದಳು ಕೈಪಿಡಿಯಮ್ಮ. "ಈಗ ಈ ಎರಡನೇ ವಾಕ್ಯ ನೋಡಿ."